ಆರು ಮೊಳದೊಳಗಿನ ಹಾಲು

ನಮ್ಮೂರಿನಲ್ಲಿ ಹಾಲು ಒಡೆದರೆ ಯಾರೂ ಹಾಲಿನವನನ್ನು ಬೈಯುವುದಿಲ್ಲ. ಸುತ್ತ ಯಾರಿದ್ದಾರೆಂದು ನೋಡುತ್ತಾರೆ. ಮನಸ್ಸಿನಲ್ಲಿ ಒತ್ತಡವಿರುವ ಮನುಷ್ಯ ಆರು ಮೊಳದೊಳಗೆ ಬಂದರೆ ಬಿಸಿ ಹಾಲು ಒಡೆಯುತ್ತದೆ. ಏಳನೆಯ ಮೊಳದಲ್ಲಿ ನಿಂತರೆ ಏನೂ ಆಗುವುದಿಲ್ಲ. ಹಾಗಾಗಿ ಹಳೆಯ ಮನೆಗಳ ಒಲೆಯ ಸುತ್ತ ನೆಲದ ಮೇಲೆ ಕೆಂಪು ಗೆರೆ ಇದೆ. ಹೊಸ ಮನೆ ಕಟ್ಟಿಸುವವರು ಅಡುಗೆಮನೆಯನ್ನು ದೊಡ್ಡದಾಗಿಯೂ ಉಳಿದ ಕೋಣೆಗಳನ್ನು ಚಿಕ್ಕದಾಗಿಯೂ ಮಾಡಿಸುತ್ತಾರೆ. ತಹಸೀಲ್ದಾರರ ಕಚೇರಿಯಲ್ಲಿ ಮೊದಲಿನಿಂದಲೂ ನಿಂಬೆ ಚಹಾ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮೊದಲು ಅವಳು ತಂದ ಲೋಟದೊಳಗೆ ನೋಡುತ್ತಾರೆ. ಹುಡುಗಿಯ ಕಡೆಯವರು ಗಂಡಿನ ತಾಯಿಯ ಲೋಟದೊಳಗೆ ನೋಡುತ್ತಾರೆ. ಹೈಸ್ಕೂಲಿನ ಎದುರಿಗಿರುವ ಮಿಠಾಯಿ ಅಂಗಡಿಯವರು ಪರೀಕ್ಷೆಯ ದಿನಗಳಲ್ಲಿ ರಸಗುಲ್ಲಕ್ಕೆಂದು ನಿಂಬೆಹಣ್ಣು ಹಿಂಡುವುದಿಲ್ಲ. ಒಲೆಯನ್ನು ಬಾಗಿಲ ಹತ್ತಿರಕ್ಕೆ ಎಳೆದಿಟ್ಟು ಕಾಯುತ್ತಾರೆ.

ನಾನು ಊರಿನ ಏಕೈಕ ದಿನಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಮೂರನೆಯ ಪುಟದ ಎಡಬದಿಗೆ ಬರುವ ‘ನಿನ್ನೆ ಒಡೆದದ್ದು’ ಎಂಬ ಅಂಕಣ ಹದಿನೆಂಟು ವರ್ಷದಿಂದ ನನ್ನದೇ. ಯಾವ ಬೀದಿಯಲ್ಲಿ ಎಷ್ಟು ಲೀಟರ್, ಎಷ್ಟು ಗಂಟೆಗೆ; ಅಷ್ಟೇ. ಹೆಸರು ಹಾಕುವುದಿಲ್ಲ. ಆದರೂ ಜನ ಮೊದಲು ಓದುವುದು ಅದನ್ನೇ, ಓದಿ ಮುಗಿಸುವಷ್ಟರಲ್ಲಿ ಹೆಸರನ್ನು ತಾವೇ ತುಂಬಿಕೊಂಡಿರುತ್ತಾರೆ. ಅಂಕಿ ತಪ್ಪಿದೆಯೆಂದು ಈವರೆಗೆ ಎರಡು ದೂರು ಬಂದಿವೆ. ಒಂದರಲ್ಲಿ ತಪ್ಪಿದ್ದು ನಿಜ.

ಹೀಗಿರುವಾಗ ನಗರಸಭೆಗೆ ಪರಮೇಶ್ವರಯ್ಯ ಎಂಬ ಹೊಸ ಆರೋಗ್ಯಾಧಿಕಾರಿ ಬಂದರು. ಒಳ್ಳೆಯ ಮನುಷ್ಯ. ಎಂದೂ ದನಿ ಎತ್ತಿದವರಲ್ಲ. ಅವರ ಮೇಜಿನ ಮೇಲಿನ ಹಾಲು ಒಡೆದದ್ದನ್ನು ನಾನು ಕಂಡಿಲ್ಲ. ಊರಿನಲ್ಲಿ ದಿನಕ್ಕೆ ನೂರಾರು ಲೀಟರ್ ಹಾಲು ಹಾಳಾಗುವುದನ್ನು ಕಂಡು ಅವರು ‘ಒತ್ತಡಮುಕ್ತ ನಗರ’ ಎಂಬ ಯೋಜನೆ ಹಾಕಿದರು. ತಿಂಗಳ ಒಂದನೆಯ ತಾರೀಖು ಆದೇಶ ಹೊರಬಿತ್ತು. ಯಾವ ಹೋಟೆಲಿನಲ್ಲಿ ಒಂದೇ ತಿಂಗಳಿನಲ್ಲಿ ಹತ್ತು ಸಲ ಹಾಲು ಒಡೆಯುತ್ತದೋ ಅದು ಒತ್ತಡ ಹರಡುವ ಜಾಗವೆಂದು ತಿಳಿದು ಅದರ ಪರವಾನಗಿ ರದ್ದು ಮಾಡಲಾಗುವುದು. ಆದೇಶವನ್ನು ಓದಿ ಹೋಟೆಲಿನವರು ಶಾಂತರಾಗುತ್ತಾರೆಂದು ಅವರು ನಿಜವಾಗಿಯೂ ನಂಬಿದ್ದರು.

ನಗರಸಭೆಯ ಎದುರಿಗೇ ನೀಲಾಂಬಿಕೆ ಎಂಬಾಕೆಯ ಹೋಟೆಲಿದೆ. ಆರು ಬೆಂಚು, ಎರಡು ಒಲೆ, ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು, ದಿನವಿಡೀ ಕಾಫಿ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಒಬ್ಬಳೇ ನಡೆಸಿದ್ದಾಳೆ. ಊರಿಗೆಲ್ಲ ನೀಲಕ್ಕ. ಅವಳ ಕೈಯಲ್ಲಿ ಹಾಲು ಒಡೆಯುವುದಿಲ್ಲವೆಂದು ಜನ ಮಾತಾಡಿಕೊಳ್ಳುತ್ತಿದ್ದರು. ನನ್ನ ಅಂಕಿಗಳ ಪ್ರಕಾರ ಅದು ಪೂರ್ತಿ ಸರಿಯಲ್ಲ. ವರ್ಷಕ್ಕೆ ಐದಾರು ಸಲ ಒಡೆಯುತ್ತಿತ್ತು. ಆದರೆ ಆ ತಿಂಗಳ ಹನ್ನೆರಡನೆಯ ತಾರೀಖಿನ ಹೊತ್ತಿಗೇ ಆರು ಸಲ ಒಡೆದಿತ್ತು.

ಹನ್ನೆರಡನೆಯ ತಾರೀಖು ಬೆಳಿಗ್ಗೆ ನಾನು ಒಳಗೆ ಕಾಲಿಡುತ್ತಲೇ ಅವಳು ಸೌಟು ತೋರಿಸಿ ನಿಲ್ಲಿಸಿದಳು. “ಅಲ್ಲೇ ನಿಲ್ರೀ ಪೇಪರ್ನೋರೆ. ಮನೇಲೆಲ್ಲಾ ಸರಿಯಾಗಿದಾರಾ?”

“ಸರಿಯಾಗಿದಾರೆ.”

“ರಾತ್ರಿ ನಿದ್ದೆ?”

“ಬಂತು.”

“ಹೊಟ್ಟೆ?”

“ನೀಲಕ್ಕ, ನಾನು ಕಾಫಿಗೆ ಬಂದಿದ್ದು.”

“ಎಲ್ರೂ ಕಾಫಿಗೇ ಬರೋದು. ಬಂದು ನನ್ನ ಹಾಲು ಒಡೆಸಿ ಹೋಗ್ತಾರೆ. ನಿನ್ನೆ ಆ ಕರಿಬಸಪ್ಪ ಮೇಷ್ಟ್ರು ಕೂತಿದ್ರು, ಪಾತ್ರೆ ಪೂರ್ತಿ ಹೋಯ್ತು. ಇವತ್ತಿಂದ ಅವ್ರಿಗೆ ರಸ್ತೆ ಆಚೆ ಬೆಂಚು.”

ನಿವೃತ್ತ ಮೇಷ್ಟ್ರು ಕರಿಬಸಪ್ಪನವರು ನಿಜವಾಗಿಯೂ ರಸ್ತೆಯ ಆಚೆ, ಚರಂಡಿಯ ಪಕ್ಕ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದರು. ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಅವರ ಪಕ್ಕದಲ್ಲಿ ಟೈಲರ್ ಗುಲ್ಜಾರ್ ಸಾಬರು ಕೂಡ ಇದ್ದರು. ಮಗಳ ಮದುವೆ ಹತ್ತಿರ ಬಂದಿದೆ, ಅವರಿಗೆ ಒತ್ತಡ ಇರಲೇಬೇಕು ಎಂದು ನೀಲಕ್ಕ ತೀರ್ಮಾನಿಸಿದ್ದಳು. “ಅಕ್ಕಾ, ಮದುವೆ ನನ್ನದಲ್ಲ, ಮಗಳದ್ದು! ನಂಗೇನ್ ಒತ್ತಡ?” ಎಂದು ಅವರು ಅಲ್ಲಿಂದಲೇ ಕೂಗಿದರು. “ಅದನ್ನ ನಿಮ್ಮನೆಯವ್ರ ಮುಂದೆ ಹೇಳಿ ನೋಡೋಣ” ಎಂದಳು ನೀಲಕ್ಕ.

ಅವರಿಬ್ಬರನ್ನೂ ಆಚೆ ಕೂರಿಸಿದ ದಿನವೇ, ಹತ್ತೂಕಾಲಿಗೆ, ಏಳನೆಯ ಸಲ ಹಾಲು ಒಡೆಯಿತು. ಒಳಗೆ ಇದ್ದದ್ದು ನಾಲ್ಕು ಜನ.

ಸಂಜೆ ಅವಳು ನಮ್ಮ ಕಚೇರಿಗೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು. “ಪೇಪರ್ನೋರೆ, ನೀವು ಎಲ್ಲಾನೂ ಲೆಕ್ಕ ಹಾಕ್ತೀರ. ಎಷ್ಟು ಒಡೀತು ಅಂತ ಬರೀತೀರ. ಯಾಕೆ ಒಡೀತು ಅಂತ ಒಂದ್ಸಲನಾದ್ರೂ ಬರ್ದಿದೀರಾ?”

“ಯಾಕೆ ಅನ್ನೋದು ಜನರ ಮನಸ್ಸಿನ ವಿಚಾರ. ಅದನ್ನ ಖಚಿತಪಡಿಸಿಕೊಳ್ಳೋಕೆ ಆಗಲ್ಲ.”

“ಖಚಿತ ಮಾಡ್ಕೊಳ್ಳಿ. ಇನ್ನು ಮೂರು ಸಲ ಆದ್ರೆ ನನ್ನ ಬಾಗಿಲು ಮುಚ್ತಾರೆ. ಆಮೇಲೆ ನಾನು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಏನ್ ಮಾಡ್ಲಿ? ಆ ಹೊತ್ತಿಗೆ ಎಚ್ಚರ ಆಗೇ ಆಗುತ್ತೆ ನಂಗೆ.”

ಅವಳ ಪ್ರಶ್ನೆ ನ್ಯಾಯವಾದದ್ದು. ಹದಿನೆಂಟು ವರ್ಷ ಎಷ್ಟು ಎಂದು ಕೇಳಿದವನು ಯಾಕೆ ಎಂದು ಕೇಳಿರಲಿಲ್ಲ. ಮರುದಿನದಿಂದ ನಾನು ಅವಳ ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕುಳಿತೆ. ಯಾರು ಬಂದರು, ಏನು ಮಾತಾಡಿದರು, ಹಾಲು ಏನಾಯಿತು ಎಂದು ಬರೆದುಕೊಳ್ಳುತ್ತ ಹೋದೆ. ಬೇರೆ ಹೋಟೆಲುಗಳಿಗೂ ಹೋದೆ, ಎಂಟು ಮನೆಗಳ ಅಡುಗೆಮನೆಯಲ್ಲೂ ಕೂತೆ.

ಮೊದಲ ಮೂರು ದಿನ ಏನೂ ಹೊಂದಿಕೆಯಾಗಲಿಲ್ಲ. ಒತ್ತಡವೆಂದರೆ ದೊಡ್ಡ ಕಷ್ಟವೆಂದು ನಾನೂ ಎಲ್ಲರಂತೆ ತಿಳಿದಿದ್ದೆ. ಆದರೆ ದೊಡ್ಡ ಕಷ್ಟದ ಮುಂದೆ ಹಾಲು ಒಡೆಯುತ್ತಿರಲಿಲ್ಲ. ಕರಿಬಸಪ್ಪನವರ ಅಣ್ಣ ತೀರಿಕೊಂಡು, ಮಣ್ಣು ಮಾಡಿ, ಅವರು ನೇರ ಹೋಟೆಲಿಗೆ ಬಂದು ಕುಳಿತದ್ದು ಹೋದ ವರ್ಷ. ಅಂದು ಅವರು ಮೂರು ಕಾಫಿ ಕುಡಿದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಾಲು ನೆಟ್ಟಗಿತ್ತು. ಅದನ್ನು ನೀಲಕ್ಕನೇ ನೆನಪಿಸಿದಳು. ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಲಾರಿ ಡ್ರೈವರನ ಮನೆಯಲ್ಲಿ ವಾರವಿಡೀ ಒಂದು ತೊಟ್ಟೂ ಒಡೆದಿರಲಿಲ್ಲ. ಇನ್ನೊಂದು ಕಡೆ, ಯಾವ ಕೊರತೆಯೂ ಇಲ್ಲದ, ಮಾವಿನ ತೋಪಿನ ಪಕ್ಕದ ಎರಡು ಮಹಡಿಯ ಮನೆಯಲ್ಲಿ ದಿನಕ್ಕೆ ಎರಡು ಸಲ ಒಡೆಯುತ್ತಿತ್ತು.

ಹದಿನೈದನೆಯ ತಾರೀಖು ನಗರಸಭೆಯ ಸಭಾಂಗಣದಲ್ಲಿ ಒತ್ತಡ ನಿರ್ವಹಣೆಯ ಶಿಬಿರ ನಡೆಯಿತು. ಹಾಜರಿ ಕಡ್ಡಾಯ. ಬೇರೆ ಊರಿನಿಂದ ಚಿದಂಬರ ಎಂಬ ತಜ್ಞರನ್ನು ಕರೆಸಿದ್ದರು. ತೊಂಬತ್ತಾರು ಜನ ಸೇರಿದ್ದೆವು. ಪ್ರತಿಯೊಬ್ಬರ ಕೈಗೂ ಒಂದೊಂದು ಸ್ಟೀಲ್ ಲೋಟದಲ್ಲಿ ಬಿಸಿ ಹಾಲು ಕೊಟ್ಟರು. ಒತ್ತಡಕ್ಕೆ ನೌಕರಿ, ಸಂಸಾರ, ಆರೋಗ್ಯ ಮತ್ತು ಭವಿಷ್ಯ ಕಾರಣವೆಂದು ಅವರು ಹೇಳಿದರು. ಬದುಕಿನಲ್ಲಿ ಇನ್ನೇನು ಉಳಿಯಿತು ಎಂದು ಹಿಂದಿನ ಸಾಲಿನಿಂದ ಗುಲ್ಜಾರ್ ಸಾಬರು ಕೇಳಿದರು. ಆಮೇಲೆ ಕಣ್ಣು ಮುಚ್ಚಿ, ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಲು ಹೇಳಿಕೊಟ್ಟರು. ಅದರಿಂದ ಉಪಯೋಗವಾಯಿತು ಎಂಬುದನ್ನು ದಾಖಲಿಸಬೇಕು. ಹನ್ನೊಂದು ನಿಮಿಷ ಒಂದೇ ಒಂದು ಲೋಟವೂ ಒಡೆಯಲಿಲ್ಲ. ಪರಮೇಶ್ವರಯ್ಯನವರು ಮೊದಲ ಸಾಲಿನಲ್ಲಿ ಮುಗುಳ್ನಗುತ್ತ ಕುಳಿತಿದ್ದರು.

ಹನ್ನೆರಡನೆಯ ನಿಮಿಷಕ್ಕೆ ಚಿದಂಬರ ಅವರು ಮೆಲುದನಿಯಲ್ಲಿ ಹೇಳಿದರು: “ಹಾಗೇ ಆರಾಮಾಗಿರಿ. ಕೊನೆಯಲ್ಲಿ ನಿಮ್ಮಲ್ಲಿ ಮೂವರನ್ನ ವೇದಿಕೆಗೆ ಕರೀತೀನಿ. ಯಾರು, ಯಾಕೆ ಅಂತ ಈಗ ಹೇಳಲ್ಲ.”

ತೊಂಬತ್ತಮೂರು ಲೋಟ ಒಡೆದವು. ಉಳಿದ ಮೂರನ್ನು ಅಷ್ಟರಲ್ಲಿ ಕುಡಿದುಬಿಟ್ಟಿದ್ದರು.

ನಾನು ಕಚೇರಿಗೆ ಓಡಿಹೋಗಿ ನನ್ನ ಟಿಪ್ಪಣಿಗಳನ್ನು ಮತ್ತೆ ತೆರೆದೆ. ಇಲ್ಲಿ ನಮ್ಮೂರಿನ ಒಂದು ರೂಢಿಯನ್ನು ಹೇಳಬೇಕು. ನಮ್ಮಲ್ಲಿ ಯಾವ ವಿಷಯವನ್ನೂ ಕಂಡ ತಕ್ಷಣ ಹೇಳುವುದು ಮರ್ಯಾದೆಯಲ್ಲ. “ನಿಮ್ಮ ಹತ್ರ ಒಂದು ವಿಷಯ ಹೇಳೋದಿದೆ, ಆಮೇಲೆ ಹೇಳ್ತೀನಿ” ಎಂದು ಮೊದಲು ತಿಳಿಸಬೇಕು. ಇದನ್ನು ವಿಷಯ ಇಡುವುದು ಎನ್ನುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ಕಂಡಾಗ ಅದನ್ನು ಹೇಳಬೇಕು. ಅದು ವಿಷಯ ಎತ್ತುವುದು. ಇಡದೆ ಎತ್ತುವವರನ್ನು ಒರಟರು ಎನ್ನುತ್ತೇವೆ. ಮಕ್ಕಳಿಗೆ ನಮಸ್ಕಾರ ಮಾಡಲು ಕಲಿಸುವ ವಯಸ್ಸಿನಲ್ಲೇ ಇದನ್ನೂ ಕಲಿಸುತ್ತೇವೆ. ಎಷ್ಟು ಸಹಜವೆಂದರೆ, ನನ್ನ ಟಿಪ್ಪಣಿಗಳಲ್ಲಿ ಅದು ಪುಟಪುಟದಲ್ಲೂ ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಲವತ್ತಾರು ಕಡೆ ಹಾಲು ಒಡೆದದ್ದನ್ನು ನಾನು ಬರೆದುಕೊಂಡಿದ್ದೆ. ಅದರಲ್ಲಿ ಮೂವತ್ತೊಂಬತ್ತು ಕಡೆ, ಒಡೆಯುವ ಮುಂಚೆ ಯಾರಿಗೋ ಯಾರೋ ವಿಷಯ ಇಟ್ಟಿದ್ದರು. ಕರಿಬಸಪ್ಪನವರಿಗೆ ಮಗಳ ಅತ್ತೆಯವರು ಫೋನಿನಲ್ಲಿ, “ಬೀಗರೇ, ಒಂದು ವಿಷಯ ಇದೆ, ಭಾನುವಾರ ಬಂದಾಗ ಮಾತಾಡೋಣ” ಎಂದಿದ್ದರು. ಮೇಷ್ಟ್ರು ಐದು ದಿನ ಊಟ ಮಾಡಲಿಲ್ಲ. ಭಾನುವಾರ ಎತ್ತಿದ ವಿಷಯ: ಅವರಿಗೆ ಉಪ್ಪಿನಕಾಯಿ ಹಾಕಲು ಒಂದು ದೊಡ್ಡ ಭರಣಿ ಬೇಕಿತ್ತು. ಎರಡು ಮಹಡಿಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಹೆಚ್ಚು ಮರ್ಯಾದಸ್ಥರು. ದಿನಕ್ಕೆ ಎರಡೆರಡು ಇಡುತ್ತಿದ್ದರು. ಲಾರಿ ಡ್ರೈವರನ ಹೆಂಡತಿ ಪರವೂರಿನವಳು. ಏನಿದ್ದರೂ ಬಾಗಿಲಲ್ಲೇ ಕೂಗಿ ಹೇಳುತ್ತಿದ್ದಳು.

ಒಂದು ಮಾತ್ರ ಬಿಡಿಸಲಾಗಲಿಲ್ಲ. ಹದಿನಾರನೆಯ ತಾರೀಖು ಬೆಳಿಗ್ಗೆ ಐದೂಮುಕ್ಕಾಲಿಗೆ, ಗಿರಾಕಿಗಳು ಬರುವ ಮೊದಲೇ, ನೀಲಕ್ಕನ ಹಾಲು ಎಂಟನೆಯ ಸಲ ಒಡೆಯಿತು. ಒಳಗೆ ಅವಳೊಬ್ಬಳೇ ಇದ್ದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಎದುರಿನ ನಗರಸಭೆಗೆ ತಾನೇ ಹೋಗಿ ಬರೆಸಿ ಬಂದಳು.

“ನೀಲಕ್ಕ, ನಿಮಗೆ ಯಾರಾದ್ರೂ ವಿಷಯ ಇಟ್ಟಿದಾರಾ?” ಎಂದೆ.

ಅವಳು ಪಾತ್ರೆ ಉಜ್ಜುತ್ತಿದ್ದಳು. ಉಜ್ಜುವುದನ್ನು ನಿಲ್ಲಿಸಲಿಲ್ಲ. “ಇಟ್ಟಿದಾರೆ.”

“ಯಾರು?”

“ಇನ್ಯಾರು. ನಿಮ್ಮ ಪರಮೇಶ್ವರಯ್ಯ. ಒಂದನೇ ತಾರೀಖು ಯೋಜನೆ ಉದ್ಘಾಟನೆ ಮುಗಿಸ್ಕೊಂಡು ಇಲ್ಲಿಗೆ ಬಂದ್ರು. ಕಾಫಿ ಕುಡಿದ್ರು. ಲೋಟ ಇಟ್ರು. ನನ್ನ ಮುಖ ನೋಡಿದ್ರು. ‘ನೀಲಮ್ಮನವರೇ, ನಿಮಗೊಂದು ವಿಷಯ ಹೇಳೋದಿದೆ. ಇಲ್ಲಿ ಬೇಡ, ಆಮೇಲೆ ಹೇಳ್ತೀನಿ’ ಅಂದು ಹೊರಟ್ರು. ಹದಿನಾರು ದಿನ ಆಯ್ತು. ಬೆಳಿಗ್ಗೆ ಸಂಜೆ ಈ ಬಾಗಿಲ ಮುಂದೇ ಓಡಾಡ್ತಾರೆ. ಎತ್ತಲ್ಲ.”

“ಕೇಳಬಹುದಿತ್ತಲ್ಲ.”

“ಇಟ್ಟ ವಿಷಯ ಕೇಳೋರುಂಟಾ? ಏನ್ ಮಾತಾಡ್ತೀರ ನೀವು. ಯೋಚ್ನೆ ಮಾಡಿ ಮಾಡಿ ಸಾಕಾಗಿದೆ ಪೇಪರ್ನೋರೆ. ಚರಂಡಿ ವಿಷ್ಯನಾ, ಬೋರ್ಡ್ ವಿಷ್ಯನಾ, ಈ ಜಾಗನೇ ಬಿಡಿಸ್ತಾರಾ? ಒಲೆ ಮುಂದೆ ನಿಂತ್ರೆ ಅದೇ. ಪಾತ್ರೆ ಒಳಗೆ ನೋಡಿದ್ರೆ ಅವ್ರ ಮುಖಾನೇ ಕಾಣುತ್ತೆ.”

ನಾನು ರಸ್ತೆ ದಾಟಿ ಪರಮೇಶ್ವರಯ್ಯನವರ ಕೋಣೆಗೆ ಹೋದೆ. ಇಂತಿಂಥ ದಿನ ನೀಲಾಂಬಿಕೆಯವರಿಗೆ ಇಟ್ಟ ವಿಷಯವೇನು ಎಂದು ಕೇಳಿದೆ. ಇನ್ನೊಬ್ಬರಿಗೆ ಇಟ್ಟ ವಿಷಯವನ್ನು ಕೇಳುವುದು ಅಸಭ್ಯ. ಪತ್ರಕರ್ತರಿಗೆ ಅಷ್ಟು ವಿನಾಯಿತಿ ಇದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಇಟ್ಟಿದ್ದು ಚೆನ್ನಾಗಿ ನೆನಪಿದೆ” ಎಂದರು. “ಏನು ಅನ್ನೋದು ನೆನಪಿಲ್ಲ.”

“ನೆನಪಿಲ್ಲ?”

“ನೋಡಿ, ದಿನಕ್ಕೆ ನಲವತ್ತು ವಿಷಯ ಇಡ್ತೀನಿ. ಅಧಿಕಾರಿ ಅಂದ್ಮೇಲೆ ಇಡ್ಲೇಬೇಕು. ಎಲ್ಲಾ ನೆನಪಿಟ್ಕೊಂಡ್ರೆ ನನಗೇ ಒತ್ತಡ ಆಗಲ್ವಾ? ಸಂಜೆ ಮನೆಗೆ ಹೋಗೋವಾಗ ಎಲ್ಲಾ ಇಲ್ಲೇ ಬಿಟ್ಟು ಹೋಗ್ತೀನಿ. ಅದಕ್ಕೇ ನನ್ನ ಆರೋಗ್ಯ ಹೀಗಿದೆ.”

ಅವರ ಮೇಜಿನ ಮೇಲೆ ಒಂದು ಲೋಟ ಬಿಸಿ ಹಾಲಿತ್ತು. ಕೆನೆ ಕಟ್ಟಿತ್ತು.

ಇದನ್ನು ನೀಲಕ್ಕನಿಗೆ ಹೇಳಬೇಕೋ ಬೇಡವೋ ಎಂದು ರಸ್ತೆಯ ಮಧ್ಯೆ ಒಂದು ಕ್ಷಣ ನಿಂತೆ. ಹಿಂದಿನಿಂದ ಬಂದ ಆಟೋದವನು ಬೈದ. ಹೋಗಿ ಹೇಳಿದೆ. ಅವಳು ಒಲೆಯ ಮುಂದಿದ್ದಳು. ಹಾಲು ಅಲ್ಲೇ ಒಡೆಯಿತು. ಅದು ಒಂಬತ್ತನೆಯದು, ಅದಕ್ಕೆ ಕಾರಣ ನಾನು, ನಾನು ಹೊತ್ತು ನೋಡಿ ಹೇಳಬೇಕಿತ್ತು.

“ಮರ್ತಿದಾರಾ!” ಎಂದಳು. “ನಾನು ಹದಿನಾರು ದಿನ ಹೊತ್ತುಕೊಂಡಿರೋದನ್ನ ಅವ್ರು ಮರ್ತಿದಾರಾ! ಹಾಗಾದ್ರೆ ಇದು ಇಳಿಯೋದು ಯಾವಾಗ?”

ಒಲೆ ಆರಿಸಿದಳು. ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ನಾನು ಹಿಂದೆಯೇ ಹೋದೆ. ಆಮೇಲೆ ನಡೆದದ್ದಕ್ಕೆ ಕೋಣೆಯಲ್ಲಿದ್ದ ಇಬ್ಬರು ಗುಮಾಸ್ತರೂ ಸಾಕ್ಷಿ.

“ಸಾರ್, ನೀವು ಹೇಳ್ಬೇಕಿದ್ದ ವಿಷಯ ನೀವು ಮರ್ತಿದ್ರೆ ನಾನೇ ನೆನಪು ಮಾಡ್ತೀನಿ. ಒಂದೊಂದಾಗಿ ಹೇಳ್ತೀನಿ, ಹೌದು ಅಲ್ಲ ಅನ್ನಿ ಸಾಕು. ನಮ್ಮ ಬೋರ್ಡು ಫುಟ್‌ಪಾತಿಗೆ ಒಂದು ಅಡಿ ಬಂದಿದೆ. ಅದಾ?”

“ಅಲ್ಲ ಅನ್ಸುತ್ತೆ” ಎಂದರು ಪರಮೇಶ್ವರಯ್ಯ. ಒಂದು ಕಾಗದ ಎಳೆದುಕೊಂಡು ಬರೆದುಕೊಂಡರು.

“ಹಿಂದಿನ ಬಾಗಿಲ ಹತ್ರ ಚರಂಡಿ ಮೇಲೆ ಕಲ್ಲು ಹಾಕಿ ಪಾತ್ರೆ ತೊಳೀತೀನಿ. ಅದಾ?”

“ಅಲ್ಲ. ಅದು ನನಗೆ ಗೊತ್ತೇ ಇರ್ಲಿಲ್ಲ.” ಬರೆದುಕೊಂಡರು.

“ಸಿಲಿಂಡರ್ ಒಳಗಿಟ್ಟಿದೀನಿ?”

“ಅಲ್ಲ.” ಬರೆದುಕೊಂಡರು.

“ಅಯ್ಯೋ, ಎಲ್ಲಾ ಬರ್ಕೋತಿದೀರಲ್ಲ ಸಾರ್!”

“ಗಮನಕ್ಕೆ ಬಂದ ಮೇಲೆ ಬರ್ಕೋಬೇಕಲ್ಲ ನೀಲಮ್ಮನವರೇ. ಇನ್ನೇನಿದೆ?”

ಅವಳು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಟ್ಟು ಹದಿನಾಲ್ಕು ತಪ್ಪು ಒಪ್ಪಿಕೊಂಡಳು. ಹದಿನಾಲ್ಕಕ್ಕೂ ಅವರು ಅಲ್ಲ ಎಂದರು. ಅದರಲ್ಲಿ ಮೂರನ್ನು ಕ್ಷಮಿಸಿ, ಹನ್ನೊಂದಕ್ಕೆ ನೋಟಿಸು ಕೊಟ್ಟರು. ಪ್ರತಿ ನೋಟಿಸಿನಲ್ಲೂ ಏನು ಸರಿಮಾಡಬೇಕು, ಎಷ್ಟನೆಯ ತಾರೀಖಿನೊಳಗೆ ಎಂದು ಬರೆದಿತ್ತು. ಇಟ್ಟ ವಿಷಯ ಮಾತ್ರ ಇದ್ದಲ್ಲೇ ಇತ್ತು. ಹನ್ನೊಂದು ಕಾಗದಗಳನ್ನು ಎದೆಗೆ ಹಿಡಿದುಕೊಂಡು ಅವಳು ಹೊರಬಂದಾಗ ಇವಳ ಕಥೆ ಮುಗಿಯಿತು ಎಂದುಕೊಂಡೆ. ಇನ್ನೊಂದು ಸಲ ಒಡೆದರೆ ಹತ್ತು.

ಮರುದಿನ ಬೆಳಿಗ್ಗೆ ಹಾಲು ಒಡೆಯಲಿಲ್ಲ. ಅದರ ಮರುದಿನವೂ ಇಲ್ಲ. ನನಗೆ ಅರ್ಥವಾಗಲಿಲ್ಲ. ಇದ್ದ ಒಂದು ಚಿಂತೆಯ ಮೇಲೆ ಹನ್ನೊಂದು ಸೇರಿವೆ, ಪಾತ್ರೆಯಲ್ಲಿ ಹಾಲು ಉಳಿಯಲೇಬಾರದು. ನೀಲಕ್ಕ ಹನ್ನೊಂದು ನೋಟಿಸನ್ನೂ ಗೋಡೆಗೆ ಅಂಟಿಸಿದ್ದಳು. ಬಡಗಿಯನ್ನು ಕರೆಸಿ ಬೋರ್ಡು ಹಿಂದಕ್ಕೆ ಸರಿಸಿದಳು, ಒಂದು ಕಾಗದ ಕಿತ್ತು ಒಲೆಗೆ ಹಾಕಿದಳು. ಚರಂಡಿಯ ಕಲ್ಲು ತೆಗೆಸಿದಳು, ಇನ್ನೊಂದು ಒಲೆಗೆ.

“ಇವು ಕಾಣ್ತವೆ ಪೇಪರ್ನೋರೆ” ಎಂದಳು, ಗೋಡೆ ತೋರಿಸಿ. “ಏನು ಮಾಡ್ಬೇಕು ಅಂತ ಬರ್ದಿದೆ. ಮಾಡಿದ್ರೆ ಮುಗೀತು. ಅದೊಂದು ಮಾತ್ರ ಕಾಣಲ್ಲ. ಆದ್ರೆ ಇವನ್ನೆಲ್ಲ ಮಾಡೋವಾಗ ಅದನ್ನ ನೆನೆಸ್ಕೊಳ್ಳೋಕೆ ಪುರುಸೊತ್ತಿಲ್ಲ.”

ಇಪ್ಪತ್ತನೆಯ ತಾರೀಖು ಅವಳು ಬಾಗಿಲಿಗೆ ತಾನೇ ಒಂದು ಹಲಗೆ ಹಾಕಿದಳು: ‘ಇಲ್ಲಿ ವಿಷಯ ಇಡಬಾರದು. ಇದ್ದರೆ ಈಗಲೇ ಹೇಳಿ.’ ಊರಿಗೆ ಇದು ದೊಡ್ಡ ಆಘಾತ. ಇಬ್ಬರು ಹಿರಿಯರು ಆ ಹೋಟೆಲಿಗೆ ಕಾಲಿಡುವುದಿಲ್ಲವೆಂದರು. ಆದರೆ ರಸ್ತೆಯ ಆಚೆಯ ಬೆಂಚು ಒಳಗೆ ಬಂತು. ಕರಿಬಸಪ್ಪನವರೂ ಗುಲ್ಜಾರ್ ಸಾಬರೂ ಅದರ ಜೊತೆಗೇ ಬಂದರು. ಮೊದಲ ದಿನ ಎಲ್ಲರೂ ಬಾಯಿ ಮುಚ್ಚಿ ಕುಳಿತಿದ್ದರು. ಎರಡನೆಯ ದಿನ ಗುಲ್ಜಾರ್ ಸಾಬರು ಗಂಟಲು ಸರಿಮಾಡಿಕೊಂಡು ಹೇಳಿದರು: “ಮೇಷ್ಟ್ರೇ, ನೀವು ಪೇಪರ್ ಗಟ್ಟಿಯಾಗಿ ಓದ್ತೀರಲ್ಲ. ಒಂಬತ್ತು ವರ್ಷದಿಂದ ಸಹಿಸ್ಕೊಂಡಿದೀನಿ. ನನಗೂ ಓದೋಕೆ ಬರುತ್ತೆ.”

ಕರಿಬಸಪ್ಪನವರ ಮುಖ ಕೆಂಪಾಯಿತು. “ನೀವು ಹೊಲಿದ ಷರ್ಟಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ. ಹೊಲಿದು ಕೊಟ್ಟ ಪ್ರತಿಯೊಂದೂ! ನಾನು ಹೇಳಿದೀನಾ?”

“ಈಗ ಹೇಳಿದ್ರಲ್ಲ!”

“ನೀವು ಹೇಳ್ಸಿದ್ರಿ!”

ಇಪ್ಪತ್ತು ನಿಮಿಷ ಜಗಳವಾಯಿತು. ಕೊನೆಗೆ ಅಳತೆಯ ಟೇಪು ತೆಗೆದು ಮೇಷ್ಟ್ರ ತೋಳು ಅಳೆದರು. ಷರ್ಟು ಸರಿಯಿತ್ತು, ಮೇಷ್ಟ್ರ ಎಡಗೈಯೇ ಬಲಗೈಗಿಂತ ಅರ್ಧ ಇಂಚು ಗಿಡ್ಡ. ಒಲೆಯ ಮೇಲಿನ ಮೂರು ಲೀಟರ್ ಹಾಲು ಅಷ್ಟು ಹೊತ್ತೂ ಸುಮ್ಮನೆ ಕಾಯುತ್ತಿತ್ತು. ಆ ಬೀದಿಯಲ್ಲಿ ಕೂಗಾಟ ಹೆಚ್ಚಾಯಿತೆಂದು ನಮ್ಮ ಕಚೇರಿಗೆ ಪತ್ರಗಳು ಬಂದವು. ಒಡೆದ ಹಾಲು ಕಡಿಮೆಯಾಯಿತೆಂದು ಅಂಕಣದಲ್ಲಿ ಬಂತು. ಎರಡನ್ನೂ ಅಕ್ಕಪಕ್ಕ ಹಾಕಿದೆ.

ತಿಂಗಳ ಕೊನೆಯ ದಿನ, ಮೂವತ್ತನೆಯ ತಾರೀಖು, ಪರಮೇಶ್ವರಯ್ಯನವರು ಹೋಟೆಲುಗಳ ಕೊನೆಯ ತಪಾಸಣೆಗೆ ಹೊರಟರು. ಮಧ್ಯಾಹ್ನ ಹನ್ನೆರಡಕ್ಕೆ ತಿಂಗಳಿನ ದಾಖಲೆ ಮುಗಿಯುತ್ತದೆಂದು ಆದೇಶದಲ್ಲಿತ್ತು. ಹನ್ನೊಂದು ನಲವತ್ತಕ್ಕೆ ದಪ್ಪ ಪುಸ್ತಕ ಹಿಡಿದುಕೊಂಡು ನೀಲಕ್ಕನ ಹೋಟೆಲಿಗೆ ಬಂದರು. ಗೋಡೆಯಲ್ಲಿ ಒಂದೂ ಕಾಗದ ಉಳಿದಿರಲಿಲ್ಲ. ಹನ್ನೊಂದು ತಪ್ಪನ್ನೂ ಸರಿಪಡಿಸಿದ್ದನ್ನು ನೋಡಿ, ಸರಿಯಿದೆ ಎಂದರು. ಒಂಬತ್ತು ಎಂಬ ಅಂಕಿಯ ಮುಂದೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. “ಒಂದು ಕಾಫಿ ಕೊಡಿ ನೀಲಮ್ಮನವರೇ, ಕುಡಿದು ಸಹಿ ಹಾಕ್ತೀನಿ.”

ನೀಲಕ್ಕ ಎರಡು ಲೀಟರ್ ಹಾಲನ್ನು ಒಲೆಗಿಟ್ಟಳು. ಉರಿ ದೊಡ್ಡದು ಮಾಡಿದಳು. ಇನ್ನೊಂದು ಕಡೆ ಡಿಕಾಕ್ಷನ್ ಇಳಿಯುತ್ತಿತ್ತು. ಆ ವಾಸನೆ ಒಲೆಯ ಕಡೆಯಿಂದ ಬೆಂಚಿನ ಕಡೆಗೆ ಬಂತು. ಪರಮೇಶ್ವರಯ್ಯನವರು ಮೂಗೆತ್ತಿದರು. ಪೆನ್ನು ಗಾಳಿಯಲ್ಲೇ ನಿಂತಿತು.

“ಆಹ್!” ಎಂದರು. “ನೆನಪಾಯ್ತು ನೋಡಿ! ನಿಮಗೆ ಇಟ್ಟಿದ್ದ ವಿಷಯ!”

ನೀಲಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಕರಿಬಸಪ್ಪನವರು ಓದುವುದನ್ನು ನಿಲ್ಲಿಸಿದರು. ಅಂದು ಅವರು ಮನಸ್ಸಿನಲ್ಲೇ ಓದುತ್ತಿದ್ದರೂ ನಿಲ್ಲಿಸಿದ್ದು ಗೊತ್ತಾಯಿತು. ಪರಮೇಶ್ವರಯ್ಯನವರು ಸುತ್ತ ಕುಳಿತಿದ್ದ ಹತ್ತು ಹನ್ನೆರಡು ಜನರನ್ನು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ಇಲ್ಲಿ ಬೇಡ ಬಿಡಿ. ನಾಳೆ ಆಫೀಸಿಗೆ ಬನ್ನಿ, ಹೇಳ್ತೀನಿ.” ಎದ್ದರು.

“ಸಾರ್” ಎಂದಳು ನೀಲಕ್ಕ. “ಸಾರ್, ಹಾಲು ಒಲೆ ಮೇಲಿದೆ. ಪಾತ್ರೆ ನೋಡಿ.” ಪಾತ್ರೆಯ ಅಂಚಿನಲ್ಲಿ ಒಂದೆರಡು ಬಿಳಿ ಕಾಳು ಕಂಡವು ಎಂದು ಗುಲ್ಜಾರ್ ಸಾಬರು ಇವತ್ತಿಗೂ ಹೇಳುತ್ತಾರೆ. ನಾನು ನೋಡಲಿಲ್ಲ. ನಾನು ಅಷ್ಟು ಹೊತ್ತಿಗೆ ಬಾಗಿಲಿಗೆ ಹೋಗಿ ಎರಡೂ ಕಡೆ ಕೈ ಚಾಚಿ ನಿಂತಿದ್ದೆ. ಎಷ್ಟೋ ಘಟನೆಗಳಿಗೆ ಹೋಗಿ ಬರೆದುಕೊಂಡು ಬಂದಿದ್ದೇನೆ. ಒಂದಕ್ಕೂ ಹೀಗೆ ಅಡ್ಡ ನಿಂತಿರಲಿಲ್ಲ.

“ಏನ್ರೀ ಇದು?” ಎಂದರು ಪರಮೇಶ್ವರಯ್ಯ.

“ಹೇಳಿ ಹೋಗಿ.”

“ಎಲ್ಲರ ಮುಂದೆ ಹೇಳೋ ಮಾತಲ್ಲ.”

“ಎಲ್ಲರ ಮುಂದೆ ಬಾಗಿಲು ಮುಚ್ಚಿಸ್ತೀರಲ್ಲ! ಅದಕ್ಕಿಂತ ದೊಡ್ಡ ಮಾತೇ?” ಎಂದರು ಕರಿಬಸಪ್ಪನವರು, ಎದ್ದು ನಿಂತು, ತರಗತಿಯ ದನಿಯಲ್ಲಿ. ಪರಮೇಶ್ವರಯ್ಯನವರು ಹೈಸ್ಕೂಲಿನ ಹುಡುಗನಂತೆ ನೆಲ ನೋಡಿದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ಮೊದಲ ಸಲ ಕಂಡೆ.

“ಕಾಫಿ ಚೆನ್ನಾಗಿದೆ” ಎಂದರು.

“ಏನು?”

“ಕಾಫಿ. ಅವತ್ತು. ತುಂಬಾ ಚೆನ್ನಾಗಿತ್ತು. ಅಷ್ಟೇ ವಿಷಯ. ಅವತ್ತೇ ತಪಾಸಣೆ ಶುರು. ಅಧಿಕಾರಿ ಆದವನು ಎಲ್ಲರ ಮುಂದೆ ಒಂದು ಹೋಟೆಲನ್ನ ಹೊಗಳಿದ್ರೆ ಜನ ಏನಂತಾರೆ? ಅದಕ್ಕೇ ಆಮೇಲೆ ಹೇಳೋಣ ಅಂತ...”

ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು, ನೀಲಕ್ಕನೂ. ಹಾಗಾಗಿ ಉರಿ ಸಣ್ಣ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಾತ್ರೆಯಿಂದ ಸುಂಯ್ ಎಂದು ಸದ್ದು ಬಂತು. ಎರಡು ಲೀಟರ್ ಹಾಲೂ ಬೆಳ್ಳಗೆ ಮೇಲೆದ್ದು, ಅಂಚು ದಾಟಿ, ಒಲೆಯ ಮೇಲೆ, ಕಟ್ಟೆಯ ಮೇಲೆ, ನೆಲದ ಕೆಂಪು ಗೆರೆಯವರೆಗೆ ಹರಿಯಿತು. ಉರಿ ಆರಿತು. ನೀಲಕ್ಕ ಬೆರಳಿನಲ್ಲಿ ಅದ್ದಿ ನೋಡಿದಳು. ಒಡೆದಿರಲಿಲ್ಲ.

“ಇಷ್ಟಕ್ಕಾ?” ಎಂದಳು. “ಇಷ್ಟು ಹೇಳೋಕಾ? ನಾನು ಬೋರ್ಡು ಕಿತ್ತೆ, ಚರಂಡಿ ಕಲ್ಲು ತೆಗೆಸಿದೆ, ಮೇಷ್ಟ್ರನ್ನ ರಸ್ತೆಲಿ ಕೂರಿಸ್ದೆ! ಅಲ್ಲಾ ಸಾರ್, ಚೆನ್ನಾಗಿದೆ ಅನ್ನೋಕೆ ನಿಮ್ಮ ನಾಲಿಗೆಗೆ ಏನಾಗಿತ್ತು?” ಬೈಯುತ್ತಲೇ ಇದ್ದಳು, ಕಣ್ಣಲ್ಲಿ ನೀರಿಳಿಯುತ್ತಿತ್ತು, ನಗುತ್ತಿದ್ದಳು.

ಪರಮೇಶ್ವರಯ್ಯನವರು ಗಡಿಯಾರ ನೋಡಿ ಪುಸ್ತಕ ಬಿಡಿಸಿದರು. ಹನ್ನೆರಡಕ್ಕೆ ಐದು ನಿಮಿಷವಿತ್ತು. “ಒಡೆದಿದ್ದಕ್ಕೆ ಕಾಲಂ ಇದೆ” ಎಂದು ಗೊಣಗಿದರು. “ಉಕ್ಕಿದ್ದಕ್ಕೆ ಎಲ್ಲೂ ಇಲ್ವಲ್ಲ. ಇದನ್ನ ಹೇಗೆ ದಾಖಲಿಸೋದು?”

“ದಾಖಲಿಸ್ಬೇಡಿ. ಒರ್ಸಿ” ಎಂದು ನೀಲಕ್ಕ ಒಂದು ಬಟ್ಟೆ ಎಸೆದಳು.

ಅದು ಅವರ ಪುಸ್ತಕದ ಮೇಲೆ ಬಿತ್ತು. ಅವರು ಒಂಬತ್ತರ ಮುಂದೆ ಸಹಿ ಹಾಕಿದರು, ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟರು, ಷರ್ಟಿನ ತೋಳು ಮಡಚಿದರು. ನಗರಸಭೆಯ ಆರೋಗ್ಯಾಧಿಕಾರಿಯೊಬ್ಬರು ಹೋಟೆಲಿನ ಕಟ್ಟೆ ಒರೆಸಿದ್ದು ನನಗೆ ತಿಳಿದಂತೆ ಅದೇ ಮೊದಲು. ಒಲೆಯ ಹಿಂದೆ, ಮೂಲೆಯಲ್ಲಿ, ಒಂದು ಅಂಗೈಯಷ್ಟು ಹಾಲು ಹಾಗೇ ಬಿಟ್ಟಿದ್ದರು. ಅಲ್ಲೂ ಒರೆಸಿ ಎಂದು ನಾನು ಅವರಿಗೆ ಆಗಲೇ ಹೇಳಿದೆ.